ಮಂಡಕ್ಕಿಗೆ ಯಾಕೆ ಇಷ್ಟು ಡೀಸೆಲ್?

ದಾವಣಗೆರೆಯಿಂದ ಹರಿಹರದ ಕಡೆಗೆ ಬೆಳಗ್ಗೆ ಮಂಡಕ್ಕಿ ಹೊತ್ತು ಹೊರಡುವ ಪಿಕಪ್ ಗಾಡಿಗಳಲ್ಲಿ ಒಂದನ್ನು ಹೆಂಗಸು ಓಡಿಸುತ್ತಾಳೆ. ಹೆಸರು ಉಚ್ಚಂಗಮ್ಮ, ವಯಸ್ಸು ನಲವತ್ತೆರಡು. ಸೀರೆಯ ಮೇಲೊಂದು ಗಂಡಸರ ಅಂಗಿ, ಬೆನ್ನಿಗೆ ಹಳೇ ದಿಂಬು, ಕಾಲಿಗೆ ಹವಾಯಿ ಚಪ್ಪಲಿ. ಕ್ಲಚ್ ತುಳಿಯುವ ಮುಂಚೆ ಆ ಚಪ್ಪಲಿಯನ್ನೂ ಬಿಟ್ಟು ಪಕ್ಕಕ್ಕಿಡುತ್ತಾಳೆ. ಇವಳಿಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ಕೇಳುವವರು ಈಗ ಯಾರೂ ಇಲ್ಲ. ಆದರೆ ಕಳೆದ ಆಷಾಢದಲ್ಲಿ ಜನ ಕೇಳುತ್ತಿದ್ದ ಪ್ರಶ್ನೆ ಬೇರೆ ಇತ್ತು. ಉಚ್ಚಂಗಮ್ಮ ಡೀಸೆಲ್ ಕದ್ದು ಮಾರುತ್ತಾಳಂತೆ, ಹೌದೇ?

ಅವಳ ತವರು ಮಾಯಕೊಂಡದ ಪಕ್ಕದ ಒಂದು ಸಣ್ಣ ಹಳ್ಳಿ. ಮದುವೆಯಾಗಿ ದಾವಣಗೆರೆಗೆ ಬಂದವಳು ಇಮಾಮ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದಳು. ಬಿಸಿ ಮರಳಿನಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿಯುವುದು, ಮೊರದಲ್ಲಿ ತೂರಿ ಹೊಟ್ಟು ತೆಗೆಯುವುದು, ಚೀಲ ತುಂಬಿ ಹೊಲಿಯುವುದು. ಹೊಗೆ ಕುಡಿದೂ ಕುಡಿದೂ ಕಣ್ಣು ಕೆಂಪಗಾಗಿದ್ದವು. ಗಂಡ ಗುಡ್ಡಪ್ಪ ಅಕ್ಕಿ ವ್ಯಾಪಾರಿ ಕೊಟ್ರೇಶನ ಪಿಕಪ್ ಗಾಡಿಯ ಡ್ರೈವರ್. ಗಾಡಿಯೆಂದರೆ ಜೀವ ಅವನಿಗೆ. ಆದರೆ ಎರಡೂ ಮೊಣಕಾಲು ಒಂದೇ ವರ್ಷದಲ್ಲಿ ಕೈಕೊಟ್ಟವು. ಕ್ಲಚ್ ತುಳಿದರೆ ಪ್ರಾಣ ಹೋಗುವಷ್ಟು ನೋವು. ಡಾಕ್ಟರು ಇನ್ನು ಗಾಡಿ ಬ್ಯಾಡ ಅಂದ ದಿನ ಗುಡ್ಡಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಮಾರನೇ ದಿನ ಉಚ್ಚಂಗಮ್ಮ ಗಂಡನ ತಲೆದಿಂಬಿನ ಹತ್ತಿರ ಕೂತು, "ನಿಮ್ಮ ಕಾಲು ಹೋದ್ರೆ ಹೋಗ್ಲಿ, ಬಾಯಿ ಚೆನ್ನಾಗೈತಲ್ಲ. ನನಗೆ ಕಲಿಸ್ರಿ" ಅಂದಳು.

ಎಪಿಎಂಸಿ ಹಿಂದಿನ ಬಯಲಿನಲ್ಲಿ ಭಾನುವಾರ ಭಾನುವಾರ ಕಲಿತಳು. ಪಕ್ಕದ ಸೀಟಿನಲ್ಲಿ ಕೂತ ಗುಡ್ಡಪ್ಪ ಬಾಯಿಗೆ ಬಂದಂತೆ ಬೈದ, ಅವಳೂ ತಿರುಗಿಸಿ ಬೈದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು, ಮೂರನೇ ಸಲ ಪಾಸಾದಳು. ಅದೇ ಹೊತ್ತಿಗೆ ಕೊಟ್ರೇಶ ಅಕ್ಕಿ ಕಡಿಮೆ ಮಾಡಿ, ಇಮಾಮ್ ಸಾಬರ ಭಟ್ಟಿಯಿಂದ ಮಂಡಕ್ಕಿ ಕೊಂಡು ಹರಿಹರ, ಭಾನುವಳ್ಳಿ ಕಡೆಯ ಅಂಗಡಿಗಳಿಗೆ ಹಾಕುವ ವ್ಯಾಪಾರ ಹಿಡಿದಿದ್ದ. "ಮಂಡಕ್ಕಿ ತಾನೆ, ಹೂವಿನಂಥ ಲೋಡು. ಹೆಂಗಸಾದ್ರೂ ನಡೀತೈತೆ" ಎಂದು ಗಾಡಿಯ ಚಾವಿ ಕೊಟ್ಟ. ಕೊಡುವಾಗ ಆಡಿದ ಮಾತಿನಲ್ಲೇ ಒಂದು ಮುಳ್ಳಿತ್ತು, ಅದು ಚುಚ್ಚಲು ಎರಡು ವರ್ಷ ಬೇಕಾಯಿತು ಅಷ್ಟೇ.

ಚುಚ್ಚಿಸಿದವನು ಕೊಟ್ರೇಶನ ತಮ್ಮ ಬಸವಕಿರಣ್. ಬಿಕಾಂ ಮುಗಿಸಿ ಅಣ್ಣನ ಅಂಗಡಿಗೆ ಬಂದವನಿಗೆ ಏನಾದರೂ ಒಂದು ಹುಳುಕು ಹುಡುಕಿ ತೋರಿಸುವ ಆತುರ. ದಿನಾ ಸಂಜೆ ಗಾಡಿ ಬಂದು ನಿಂತ ಕೂಡಲೇ ಬಾಗಿಲು ತೆಗೆದು, ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳಿನ ಫೋಟೋ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದ. ಉಚ್ಚಂಗಮ್ಮ ನಗುತ್ತಿದ್ದಳು. "ಏನಪಾ ಕಿರಣ, ಮುಳ್ಳಿಗೆ ಹೆಣ್ಣು ಹುಡುಕ್ತಿಯೇನು, ದಿನಾ ಫೋಟೋ ಹಿಡೀತಿ?"

ಒಂದು ಗುರುವಾರ ಸಂಜೆ ಆ ಫೋಟೋಗಳು ಹೊರಗೆ ಬಂದವು. ಭಟ್ಟಿಯ ಅಂಗಳದಲ್ಲಿ ಹೆಂಗಸರೆಲ್ಲ ಜರಡಿ ಹಿಡಿದು ಕೂತಿದ್ದರು. ಮಾರನೇ ದಿನದ ಲೋಡಿನ ಮಾತಾಡಲು ಕೊಟ್ರೇಶನೂ ಅಲ್ಲಿಗೆ ಬಂದಿದ್ದ.

"ಅಣ್ಣಾ, ಇಲ್ನೋಡು. ಸೋಮವಾರ ಟ್ಯಾಂಕ್ ಫುಲ್ ಮಾಡಿಸೇವಿ. ಮಂಗಳವಾರ ಸಂಜೆನೂ ಮುಳ್ಳು ಫುಲ್ ಮೇಲೇ ಐತೆ. ಬುಧವಾರ, ಗುರುವಾರ ಎರಡೇ ದಿನಕ್ಕೆ ಅರ್ಧಕ್ಕಿಂತ ಕೆಳಗೆ ಬಂದೈತೆ. ಪ್ರತಿ ವಾರನೂ ಹಿಂಗೇ. ಬುಧವಾರ, ಗುರುವಾರ ಭಾನುವಳ್ಳಿ ಲೈನು. ಅಲ್ಲಿ ಟ್ರ್ಯಾಕ್ಟರಿನವರು ಬಾಳ ಜನ ಅದಾರೆ" ಅಂದ ಬಸವಕಿರಣ್.

ಕೊಟ್ರೇಶ ಫೋಟೋ ನೋಡಿದ, ಉಚ್ಚಂಗಮ್ಮನನ್ನು ನೋಡಿದ. "ಗುಡ್ಡಪ್ಪ ಅಕ್ಕಿ ಹೇರ್ಕೊಂಡು ಹೋದಾಗ ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಡ್ತಿತ್ತು ಈ ಗಾಡಿ. ಮಂಡಕ್ಕಿ ಹೇರಿದ್ರೆ ಡೀಸೆಲ್ ಯಾಕ ಇಷ್ಟು ಕುಡೀತೈತೆ? ಎಲ್ಲಿ ಇಳಿಸ್ತಿಯಮ್ಮ ಡೀಸೆಲ್ಲು?"

ಜರಡಿಗಳು ಒಮ್ಮೆಲೇ ನಿಂತವು. ಜೊತೆಯಲ್ಲಿ ಹನ್ನೆರಡು ವರ್ಷ ಕೂತು ಉಂಡವರು ಅವರು. ಉಚ್ಚಂಗಮ್ಮನಿಗೆ ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಆದರೂ ತಡೆದುಕೊಂಡು ಹೇಳಿದಳು.

"ಸಾವ್ಕಾರ್ರೆ, ಮುಳ್ಳು ನಂಬಬ್ಯಾಡ್ರಿ. ಟ್ಯಾಂಕಿನೊಳಗ ಡೀಸೆಲ್ ಮ್ಯಾಲೆ ತೇಲೋ ಡಬ್ಬಿ ಇರ್ತೈತೆ. ಫುಲ್ ಇದ್ದಾಗ ಅದು ಮೇಲಿನ ತಗಡಿಗೆ ತಾಗಿ ನಿಂತಿರ್ತೈತೆ. ಎರಡು ದಿನ ಡೀಸೆಲ್ ಖರ್ಚಾದ್ರೂ ಮುಳ್ಳು ಅಲ್ಲಾಡಲ್ಲ. ಆಮ್ಯಾಲೆ ದಬದಬ ಇಳೀತೈತೆ. ಯಾವ ಲೈನಿಗೆ ಹೋದ್ರೂ ಹಂಗೇ. ನೋಡ್ಬೇಕಂದ್ರೆ ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರ್ಕೊಳ್ರಿ, ಒಂದು ವಾರ ಓಡಿಸಿ ತಿರುಗ ಅದೇ ಬಂಕಿನಾಗ ಫುಲ್ ಮಾಡಿಸ್ರಿ. ಎಷ್ಟು ಲೀಟರ್ ಹಿಡೀತೋ ಅಷ್ಟೇ ಖರ್ಚು. ಅದು ಸುಳ್ಳು ಹೇಳಲ್ಲ."

ಇದು ಗುಡ್ಡಪ್ಪ ಕಲಿಸಿದ ವಿದ್ಯೆ. ಸರಿಯಾದ ವಿದ್ಯೆಯೇ. ಆದರೆ ಅವಳ ಗ್ರಹಚಾರ, ಮಾರನೇ ವಾರ ಹಾಗೆ ನೋಡಿದಾಗ ಐನೂರಾ ಹದಿನಾರು ಕಿಲೋಮೀಟರಿಗೆ ನಲವತ್ತೇಳು ಲೀಟರ್ ಡೀಸೆಲ್ ಹಿಡಿಯಿತು. ಲೀಟರಿಗೆ ಹನ್ನೊಂದೂ ಇಲ್ಲ. ಮುಳ್ಳಿನ ಮೇಲಿನ ಅನುಮಾನ ಮುಳ್ಳಿನ ಜೊತೆಗೇ ಹೋಗಬೇಕಿತ್ತು, ಹೋಗಲಿಲ್ಲ. ಅವಳೇ ಕೇಳಿಕೊಂಡ ಪರೀಕ್ಷೆ ಅವಳ ವಿರುದ್ಧವೇ ಸಾಕ್ಷಿ ಹೇಳಿತು.

ಕೊಟ್ರೇಶ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದ. ಚಾವಿ ತನ್ನ ಜೇಬಿನಲ್ಲಿ ಇಟ್ಟುಕೊಂಡ. ಬೀಗ ಹಾಕಿದ್ದೂ ಅದೇ ಭಟ್ಟಿಯ ಅಂಗಳದಲ್ಲಿ, ಅದೇ ಹೆಂಗಸರ ಮುಂದೆ. ಒಂದು ವಾರ ಬೀಗದೊಂದಿಗೆ ಓಡಿತು ಗಾಡಿ. ಮತ್ತೆ ಅಷ್ಟೇ ಬಂತು, ಹನ್ನೊಂದು. ಬೀಗ ಇದ್ದೂ ಅಷ್ಟೇ ಬಂದಮೇಲೆ ಕಳ್ಳತನದ ಮಾತು ಅಲ್ಲಿಗೆ ಮುಗಿಯಬೇಕಲ್ಲವೇ? ಅನುಮಾನಕ್ಕೆ ಅಷ್ಟು ಬುದ್ಧಿ ಇದ್ದರೆ ಅದನ್ನು ಅನುಮಾನ ಎಂದು ಯಾರು ಕರೆಯುತ್ತಿದ್ದರು! ಬಸವಕಿರಣ್ ನಕಲಿ ಚಾವಿ ಎಂದ. ಕೊಟ್ರೇಶ, "ಕದ್ದಿಲ್ಲಾ ಅಂದ್ರೆ ಓಡ್ಸೋಕೆ ಬರ್ತಿಲ್ಲ ಅಂತ ಆತು. ಎರಡರಾಗ ಒಂದು. ಮುಂದಿನ ತಿಂಗಳು ಒಂದನೇ ತಾರೀಖಿಗೆ ಬೇರೆ ಡ್ರೈವರ್ ಬರ್ತಾನೆ" ಅಂದುಬಿಟ್ಟ. ಒಂದನೇ ತಾರೀಖು ಸೋಮವಾರ ಬೀಳುತ್ತಿತ್ತು. ಅದಕ್ಕೆ ಉಳಿದಿದ್ದು ಹನ್ನೊಂದು ದಿನ.

ಮನೆಗೆ ಬಂದು ಹೇಳಿದಾಗ ಗುಡ್ಡಪ್ಪ ಬಹಳ ಹೊತ್ತು ಯೋಚಿಸಿದ. ಗಾಡಿಯ ಯಂತ್ರ ಪೂರ್ತಿ ತಲೆಯೊಳಗೆ ಇಟ್ಟುಕೊಂಡವನಿಗೂ ಲೆಕ್ಕ ಹೊಂದಲಿಲ್ಲ. ಟೈರಿನ ಗಾಳಿ ಸರಿಯಿದೆ, ಇಂಜಿನ್ ಕಪ್ಪು ಹೊಗೆ ಬಿಡುವುದಿಲ್ಲ, ಬ್ರೇಕ್ ಹಿಡಿದುಕೊಂಡಿಲ್ಲ. ಕೊನೆಗೆ ಮೆಲ್ಲಗೆ, "ನಿನ್ನ ಕಾಲು ಸ್ವಲ್ಪ ಭಾರ ಏನೋ ಉಚ್ಚಂಗಿ. ಆಕ್ಸಿಲೇಟರ್ ಮ್ಯಾಲೆ" ಅಂದ.

ಕೊಟ್ರೇಶನ ಮಾತಿಗಿಂತ ಈ ಮಾತು ಹೆಚ್ಚು ನೋಯಿಸಿತು. ಆ ರಾತ್ರಿ ಅವಳು ಗಂಡನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಡಿಸಿ, ಜೊತೆಗೆ ಉಣ್ಣಲು ಕೂರದೆ ಎದ್ದಳು. ಆದರೆ ಮಾರನೇ ದಿನ ಗಾಡಿ ಹತ್ತಿದಾಗ ಬಲಗಾಲನ್ನೇ ಗಮನಿಸಿದಳು. ಗಂಡ ಹೇಳಿದ್ದು ನಿಜವೇ ಇದ್ದರೆ? ಅಭಿಮಾನ ಬಿಟ್ಟು ಅದನ್ನೂ ನೋಡಿಯೇ ಬಿಡುತ್ತೇನೆ ಎಂದುಕೊಂಡಳು. ಹೀಗೆ ತನ್ನ ಮೇಲೆ ತಾನೇ ಅನುಮಾನಪಟ್ಟು ನೋಡುವ ಧೈರ್ಯ ಎಷ್ಟು ಜನಕ್ಕಿರುತ್ತದೆ, ನನಗೆ ಗೊತ್ತಿಲ್ಲ.

ಆ ದಿನ ಆಷಾಢದ ಗಾಳಿ ಬೀಸುತ್ತಿತ್ತು. ದಾವಣಗೆರೆಯವರಿಗೆ ಆ ಗಾಳಿ ಗೊತ್ತು, ಪಡುವಣದಿಂದ ಬಂದು ತಗಡು, ಫ್ಲೆಕ್ಸು ಯಾವುದನ್ನೂ ನೆಟ್ಟಗೆ ನಿಲ್ಲಲು ಬಿಡುವುದಿಲ್ಲ. ಹರಿಹರಕ್ಕೆ ಹೋಗುವ ಗಾಡಿಗೆ ಅದು ಎದುರುಗಾಳಿ. ಉಚ್ಚಂಗಮ್ಮನ ಗಾಡಿಯಲ್ಲಿ ಅರವತ್ತು ಚೀಲ ಮಂಡಕ್ಕಿ ಇತ್ತು. ಚೀಲಕ್ಕೆ ಒಂಬತ್ತು ಕೆಜಿ ಮೇಲಿಲ್ಲ. ಮಂಡಕ್ಕಿಗೆ ಭಾರ ಇರುವುದಿಲ್ಲ, ಗಾತ್ರ ಇರುತ್ತದೆ. ಹಾಗಾಗಿ ಡ್ರೈವರ್ ಕೂರುವ ಕ್ಯಾಬಿನ್ನಿನ ಮೇಲೆ ಇನ್ನೊಂದು ಆಳೆತ್ತರ ಚೀಲ ಒಟ್ಟಿ ಹಗ್ಗ ಬಿಗಿಯುವುದು ಇಲ್ಲಿನ ಪದ್ಧತಿ. ಎಲ್ಲ ಮಂಡಕ್ಕಿ ಗಾಡಿಯೂ ಹಾಗೆಯೇ ಹೋಗುವುದು.

ಹೈವೇ ಸಪಾಟಾಗಿತ್ತು. ಆದರೂ ಗಾಡಿ ಏರು ಹತ್ತುವಂತೆ ಒದ್ದಾಡಿತು. ಆಕ್ಸಿಲೇಟರ್ ಒತ್ತದಿದ್ದರೆ ವೇಗ ಇಳಿಯುತ್ತದೆ, ಒತ್ತಿದರೆ ಇಂಜಿನ್ ಕೂಗುತ್ತದೆ. ಕೊನೆಗೆ ಗೇರ್ ಇಳಿಸಬೇಕಾಯಿತು. ಸಪಾಟು ರಸ್ತೆಯಲ್ಲಿ, ಮಂಡಕ್ಕಿ ಲೋಡಿಗೆ! ಮಧ್ಯಾಹ್ನ ಚೀಲ ಎಲ್ಲ ಇಳಿಸಿ ಖಾಲಿ ಬರುವಾಗ ಅದೇ ಗಾಡಿ, ಅದೇ ಕಾಲು, ಟಾಪ್ ಗೇರಿನಲ್ಲಿ ಹಗುರವಾಗಿ ಓಡಿತು. ಹಾಗಾದರೆ ಭಾರ ಇರುವುದು ಕಾಲಿನಲ್ಲಲ್ಲ.

ಸಂಜೆ ಭಟ್ಟಿಗೆ ಬಂದು ಗಾಡಿ ನಿಲ್ಲಿಸಿದಾಗಲೂ ಗಾಳಿ ಬೀಸುತ್ತಲೇ ಇತ್ತು. ಅಂಗಳದಲ್ಲಿ ಸುಮಾ ಮೊರ ಹಿಡಿದು ತೂರುತ್ತಿದ್ದಳು. ಉಚ್ಚಂಗಮ್ಮ ಬಿಟ್ಟ ಜಾಗಕ್ಕೆ ಈಚೆಗೆ ಬಂದವಳು ಈ ಸುಮಾ. ಕೈ ಇನ್ನೂ ಪಳಗಿಲ್ಲ. ಖಾಲಿ ಮೊರವನ್ನು ಅಗಲವಾಗಿ ಗಾಳಿಗೆ ಒಡ್ಡಿ ಎತ್ತಿದಾಗ ಗಾಳಿ ಅದನ್ನು ಕಿತ್ತುಕೊಂಡೇ ಹೋಯಿತು.

"ಅಡ್ಡ ಹಿಡೀಬ್ಯಾಡವ್ವ, ಅಂಚು ಮಾಡಿ ಹಿಡಿ. ಅಡ್ಡ ಹಿಡಿದ್ರೆ ತೋಳು ಬಿದ್ದು ಹೋಗ್ತೈತೆ" ಅಂದಳು ಉಚ್ಚಂಗಮ್ಮ, ಹನ್ನೆರಡು ವರ್ಷ ಹೊಸಬರಿಗೆಲ್ಲ ಹೇಳಿದ ಮಾತು ಅದು. ಹೇಳಿ ಎರಡು ಹೆಜ್ಜೆ ನಡೆದವಳು ನಿಂತುಬಿಟ್ಟಳು. ತಿರುಗಿ ಗಾಡಿ ನೋಡಿದಳು. ನಾಳೆಯ ಚೀಲಗಳನ್ನು ಹಮಾಲರು ಆಗಲೇ ಕ್ಯಾಬಿನ್ ಮೇಲಕ್ಕೆ ಒಟ್ಟುತ್ತಿದ್ದರು. ಗೋಡೆಯಷ್ಟು ಅಗಲ, ಗೋಡೆಯಷ್ಟು ಎತ್ತರ. ಎರಡು ವರ್ಷದಿಂದ ತಾನು ದಿನಾ ಹರಿಹರದವರೆಗೆ ಒಂದು ದೊಡ್ಡ ಮೊರವನ್ನು ಗಾಳಿಗೆ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದದ್ದು! ಮೊರಕ್ಕೆ ಭಾರ ಎಲ್ಲಿದೆ? ಆದರೂ ತೋಳು ಬೀಳುವುದಿಲ್ಲವೇ? ಗುಡ್ಡಪ್ಪನ ಅಕ್ಕಿ ಮೂಟೆಗಳು ಕ್ಯಾಬಿನ್ನಿಗಿಂತ ಕೆಳಗೇ ಇರುತ್ತಿದ್ದವು. ಅವುಗಳ ಮೇಲೆ ಗಾಳಿ ಹಾದು ಹೋಗುತ್ತಿತ್ತು.

ಸೀದಾ ಕೊಟ್ರೇಶನ ಅಂಗಡಿಗೆ ಹೋದಳು. ಕೊಟ್ರೇಶ ಕೇಳಿ ನಕ್ಕ. "ಗಾಳಿ ಡೀಸೆಲ್ ಕುಡೀತೈತಾ? ಹಗೂರ ಲೋಡಿಗೆ ಜಾಸ್ತಿ, ಭಾರದ ಲೋಡಿಗೆ ಕಮ್ಮಿ? ಯಾರಿಗೆ ಹೇಳ್ತಿ ಈ ಕಥೆ?"

"ಕಥೆ ಹೇಳಾಕೆ ಬಂದಿಲ್ರಿ, ಪಂದ್ಯ ಕಟ್ಟಾಕೆ ಬಂದೀನಿ. ಬರೋ ವಾರ ಮೊದಲ ಮೂರು ದಿನ ಕಿರಣನೇ ಗಾಡಿ ಓಡಿಸ್ಲಿ, ಲೈಸೆನ್ಸ್ ಐತಲ್ಲ. ಈಗ ಹೆಂಗೆ ಒಟ್ಟುತೀವೋ ಹಂಗೇ ಎತ್ತರ ಅರವತ್ತು ಚೀಲ. ನಾನು ಪಕ್ಕದಾಗ ಕೂತು ಲೋಡ್ ಇಳಿಸ್ತೀನಿ. ಆಮ್ಯಾಲೆ ಮೂರು ದಿನ ನಾನು ಓಡಿಸ್ತೀನಿ, ಕಿರಣ ಪಕ್ಕದಾಗ ಕೂಡ್ರಲಿ. ಆವಾಗ ಕೆಳಗೆ ಹನ್ನೆರಡು ಮೂಟೆ ಅಕ್ಕಿ, ಅದರ ಮ್ಯಾಲೆ ಕ್ಯಾಬಿನ್ ಮಟ್ಟಕ್ಕೆ ಇಪ್ಪತ್ನಾಲ್ಕು ಚೀಲ ಮಂಡಕ್ಕಿ, ಮೇಲೆ ತಾಡಪತ್ರಿ. ಒಟ್ಟು ಭಾರ ಈಗಿನಕಿಂತ ಜಾಸ್ತಿನೇ. ಬೀಗದ ಚಾವಿ ನಿಮ್ಮ ಹತ್ರಾನೇ ಇರ್ಲಿ."

"ಸೋತ್ರೆ?"

"ಗಾಡಿ ಚಾವಿ ನಿಮ್ಮ ಗಲ್ಲಾ ಮ್ಯಾಲಿಟ್ಟು ಹೋಗ್ತೀನಿ, ಹೊಸ ಡ್ರೈವರಿಗೆ ಕಾಯೋದು ಬ್ಯಾಡ. ಗೆದ್ರೆ, ನನ್ನ ಮ್ಯಾಲೆ ಆಡಿದ ಮಾತು ಎಲ್ಲಿ ಆಡಿದ್ರೋ ಅಲ್ಲೇ ನಿಂತು ವಾಪಸ್ ತಗೋಬೇಕು. ಇಲ್ಲಿ ಅಲ್ಲ. ಭಟ್ಟಿ ಅಂಗಳದಾಗ."

ಕೊಟ್ರೇಶ ಕೆಟ್ಟ ಮನುಷ್ಯನಲ್ಲ. ತನಗೆ ಎಲ್ಲ ಗೊತ್ತು ಎಂದುಕೊಂಡ ಮನುಷ್ಯ, ಅಷ್ಟೇ. ಗೆಲ್ಲುವ ಪಂದ್ಯ ಎಂದು ತಲೆಯಾಡಿಸಿದ.

ಮೊದಲ ಮೂರು ದಿನ ಬಸವಕಿರಣ್ ಓಡಿಸಿದ. ಮೈಲೇಜ್ ತೋರಿಸಿಯೇ ಬಿಡುತ್ತೇನೆಂದು ಬ್ರೇಕನ್ನು ಮುಟ್ಟಿದರೂ ಮುಟ್ಟದಂತೆ, ಗೇರನ್ನು ಸವರಿದಂತೆ ಓಡಿಸಿದ. ಉಚ್ಚಂಗಮ್ಮ ಪಕ್ಕದಲ್ಲಿ ಕೂತು, ಅಂಗಡಿ ಬಂದಾಗ ಚೀಲ ಇಳಿಸಿದಳು. ಎರಡನೇ ದಿನ ಹರಿಹರ ಇನ್ನೂ ದೂರ ಇರುವಾಗಲೇ, ಸಪಾಟು ರಸ್ತೆಯಲ್ಲಿ ಅವನ ಕೈ ತಾನಾಗಿ ಗೇರಿನ ಕಡೆ ಹೋಯಿತು. ಗೇರ್ ಇಳಿಸಿದ. ಕಣ್ಣು ಓರೆ ಮಾಡಿ ಅವಳ ಕಡೆ ನೋಡಿದ. ಅವಳು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಿದ್ದಳು. ಬುಧವಾರ ಸಂಜೆ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದರು. ಇನ್ನೂರೈವತ್ತೆಂಟು ಕಿಲೋಮೀಟರಿಗೆ ಇಪ್ಪತ್ನಾಲ್ಕು ಲೀಟರಿಗೆ ಚೂರು ಕಡಿಮೆ. ಹನ್ನೊಂದೂ ಕೊಟ್ಟಿಲ್ಲ.

"ನಿನಗಿಂತ ನನ್ನದೇ ಕಮ್ಮಿ ಬಂತಲ್ಲಕ್ಕ" ಅಂದ ಬಸವಕಿರಣ್. ಅವಳನ್ನು ಅವನು ಅಕ್ಕ ಎಂದು ಕರೆದದ್ದು ಅದೇ ಮೊದಲು.

"ನಿನ್ನ ಕಾಲು ಸ್ವಲ್ಪ ಭಾರ ಏನೋ" ಅಂದಳು ಉಚ್ಚಂಗಮ್ಮ. ಮನೆಯಲ್ಲಿ ನುಂಗಿಕೊಂಡಿದ್ದನ್ನು ಬಂಕಿನಲ್ಲಿ ಉಗುಳಿದಳು, ಪಾಪ ಅವನಿಗೇನು ಗೊತ್ತು.

ಮುಂದಿನ ಮೂರು ದಿನ ಅವಳ ಸರದಿ. ಕೆಳಗೆ ಅಕ್ಕಿ, ಮೇಲೆ ಮಂಡಕ್ಕಿ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ತಾಡಪತ್ರಿ. ಇಮಾಮ್ ಸಾಬರು ಲೋಡ್ ನೋಡಿ ಗಡ್ಡ ನೀವಿಕೊಂಡರು. "ನಲವತ್ತು ವರ್ಷದಿಂದ ಮಂಡಕ್ಕಿ ಮಾಡ್ತಿದೀನಿ ತಂಗಿ, ಇಷ್ಟು ಗಿಡ್ಡ ಲೋಡು ನೋಡಿರ್ಲಿಲ್ಲ" ಎಂದರು. ಎದುರುಗಾಳಿ ಮೂರೂ ದಿನ ಇತ್ತು. ಒಂದು ದಿನವಂತೂ ಬಸವಕಿರಣ್ ಓಡಿಸಿದ ದಿನಗಳಿಗಿಂತ ಜೋರಾಗಿಯೇ ಇತ್ತು. ಗೇರ್ ಇಳಿಸಬೇಕಾಗಲಿಲ್ಲ. ಸಲ್ಲದ ಮಾತು ಅಳಿಸುವುದಕ್ಕೆ ಇದೊಂದೇ ದಾರಿ ಉಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಭಟ್ಟಿಯ ಜರಡಿ ಎಲ್ಲಿಗೂ ಹೋಗಿಲ್ಲ. ಕಳ್ಳಿ ಎಂಬ ಹೆಸರು ಹೊತ್ತುಕೊಂಡು ಮಾತ್ರ ಆ ಹೆಂಗಸರ ಪಕ್ಕ ಕೂರಲಾರಳು.

ಶನಿವಾರ ಸಂಜೆ ಕೊಟ್ರೇಶ ತಾನೇ ಬಂಕಿಗೆ ಬಂದ. ಬೀಗ ತೆಗೆದ. ಅದೇ ಪಂಪು, ಅದೇ ಜಾಗ. ಪೈಪ್ ತಾನಾಗಿ ಟಕ್ ಎಂದು ನಿಂತ ಮೇಲೆ ಒಂದು ಹನಿಯೂ ಹಾಕಬಾರದು ಎಂಬುದು ಉಚ್ಚಂಗಮ್ಮನ ಕರಾರು. ಪಂಪಿನ ಅಂಕಿಗಳು ಓಡಿದವು. ಹದಿನಾರು, ಹದಿನೇಳು. ಹದಿನೆಂಟಕ್ಕೆ ಟಕ್ ಎಂದಿತು.

ಕೊಟ್ರೇಶ ಹುಡುಗನಿಗೆ, "ಇನ್ನೊಂಚೂರು ಹಾಕಪಾ" ಅಂದ.

"ಬ್ಯಾಡಣ್ಣ. ಟ್ಯಾಂಕ್ ಫುಲ್ಲೇ ಐತೆ" ಅಂದ ಬಸವಕಿರಣ್. ಮೊಬೈಲ್ ತೆಗೆದು ಭಾಗಿಸಿದ. ಇನ್ನೂರೈವತ್ತಾರು ಕಿಲೋಮೀಟರ್, ಹದಿನೆಂಟು ಲೀಟರ್. ಲೀಟರಿಗೆ ಹದಿನಾಲ್ಕು ದಾಟಿತ್ತು. ಗುಡ್ಡಪ್ಪನ ಕಾಲದ ಲೆಕ್ಕವೇ.

ಕೊಟ್ರೇಶ ಟ್ಯಾಂಕಿನ ಮುಚ್ಚಳಕ್ಕೆ ಮತ್ತೆ ಬೀಗ ಹಾಕಿದ. ಆಮೇಲೆ, "ಆತು ಬಿಡವ್ವ. ಹೊಸ ಡ್ರೈವರಿಗೆ ಬ್ಯಾಡ ಅಂತ ಫೋನ್ ಮಾಡ್ತೀನಿ. ಇನ್ಮ್ಯಾಲೆ ಅಕ್ಕಿ, ಮಂಡಕ್ಕಿ ಎರಡೂ ಕೂಡಿಸಿ ಹಾಕೋಣ" ಅಂದ.

"ಅದು ನಿಮ್ಮ ವ್ಯಾಪಾರ. ನಂದು ಭಟ್ಟಿ ಅಂಗಳದಾಗ ಐತೆ" ಅಂದಳು ಉಚ್ಚಂಗಮ್ಮ.

ಮನೆಯಲ್ಲಿ ಗುಡ್ಡಪ್ಪ ಎಲ್ಲ ಕೇಳಿ, ಮೊಣಕಾಲು ತಿಕ್ಕಿಕೊಳ್ಳುತ್ತ, "ನಾನೂ ಒಂದು ಮಾತು ಅಂದಿದ್ದೆ" ಎಂದು ತಲೆ ತಗ್ಗಿಸಿದ.

"ಮನೇಲಿ ಅಂದಿದ್ರಿ, ಮನೇಲೇ ವಾಪಸ್ ತಗೊಂಡ್ರಿ. ಮುಗೀತು. ಉಣ್ಣಾಕ ಏಳ್ರಿ" ಅಂದಳು. ಒಂಬತ್ತು ದಿನದ ಮೇಲೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಉಂಡರು.

ಸೋಮವಾರ ಬೆಳಗ್ಗೆ ಏಳಕ್ಕೆಲ್ಲ ಕೊಟ್ರೇಶ ಭಟ್ಟಿಗೆ ಬಂದ. ಒಲೆ ಉರಿಯುತ್ತಿತ್ತು, ಮಿಷಿನ್ನು ಗಡಗಡ ಎನ್ನುತ್ತಿತ್ತು, ಹೆಂಗಸರು ಜರಡಿ ಆಡಿಸುತ್ತಿದ್ದರು. ಅವನು ಗಾಡಿಯ ಹತ್ತಿರ ನಿಂತು, ಎಲ್ಲೋ ನೋಡುತ್ತ ಏನೋ ಗೊಣಗಿದ.

"ಕೇಳ್ಸಲಿಲ್ರಿ" ಅಂದಳು ಉಚ್ಚಂಗಮ್ಮ.

ಇನ್ನೊಮ್ಮೆ ಗೊಣಗಿದ. ಇಮಾಮ್ ಸಾಬರು ಎದ್ದು ಹೋಗಿ ಮಿಷಿನ್ನು ಬಂದ್ ಮಾಡಿದರು. ಜರಡಿಗಳು ಆ ಗುರುವಾರದಂತೆಯೇ ಒಮ್ಮೆಲೇ ನಿಂತವು. ಕೊಟ್ರೇಶ ಈ ಸಲ ಗಟ್ಟಿಯಾಗಿ ಹೇಳಿದ.

"ಉಚ್ಚಂಗಮ್ಮ ಡೀಸೆಲ್ ಕದ್ದಿಲ್ಲ. ಅಕಿಗೆ ಗಾಡಿ ಓಡ್ಸೋಕೂ ಚೆನ್ನಾಗಿ ಬರ್ತೈತೆ. ನಾನು ಅಂದಿದ್ದು ತಪ್ಪು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಮಾ ಮಾತ್ರ, "ಈಗ ಕೇಳಿಸ್ತು ನೋಡಕ್ಕ" ಅಂದಳು. ಹೆಂಗಸರೆಲ್ಲ ನಕ್ಕರು. ಕೊಟ್ರೇಶನೂ ಸಣ್ಣಗೆ ನಕ್ಕು ಬೀಗದ ಚಾವಿ ಮುಂದೆ ಚಾಚಿದ. ಅವಳು ತೆಗೆದುಕೊಂಡು, ಟ್ಯಾಂಕಿನ ಬೀಗ ಬಿಚ್ಚಿ, ಬೀಗ ಚಾವಿ ಎರಡನ್ನೂ ಅವನ ಕೈಯಲ್ಲೇ ಇಟ್ಟಳು. ಚಪ್ಪಲಿ ಬಿಟ್ಟು ಗಾಡಿ ಹತ್ತಿದಳು.

ಊರು ದಾಟುವವರೆಗೂ ಗಟ್ಟಿಯಾಗಿಯೇ ಇದ್ದಳು. ಹೈವೇಗೆ ಬಂದ ಮೇಲೆ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ಆ ಮೂರು ವಾರಗಳಲ್ಲಿ ಒಂದು ಹನಿಯೂ ಹಾಕದವಳು ಮನಸಾರೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕಿಲೋಮೀಟರ್ ನೋಡಿ ಚೀಟಿಯಲ್ಲಿ ಬರೆದುಕೊಂಡಳು. ಎಂಟು ಗಂಟೆಗೆ ಹರಿಹರ ಮುಟ್ಟಬೇಕಿತ್ತು.